ಇದು ಯಾವಾಗಿನದು?

ಯಾವ ಸುದ್ದಿ ಹೇಳಿದರೂ ತಿರುಮಲೇಶರ ಬಾಯಿಂದ ಮೊದಲು ಹೊರಡುತ್ತಿದ್ದುದು ಒಂದೇ ಪ್ರಶ್ನೆ: “ಇದು ಯಾವಾಗಿನದು?” ದಾದರಿನ ಉಡುಪಿ ಹೋಟೆಲಿನಲ್ಲಿ ಚಟ್ನಿ ಬಡಿಸುವ ಪೂವಪ್ಪನಿಗೂ ಅದೇ, ಬಜೆಟ್ಟಿನ ವಿಷಯ ತೆಗೆದ ಸಹೋದ್ಯೋಗಿಗೂ ಅದೇ. ಆಸ್ಪತ್ರೆಯಲ್ಲಿದ್ದ ನನ್ನ ಅತ್ತೆಯವರು ಚೇತರಿಸಿಕೊಂಡರೆಂದು ನಾನು ತಿಳಿಸಿದಾಗಲೂ, ಸಂತೋಷಪಡುವುದಕ್ಕೆ ಮುನ್ನ, ಆ ಸಮಾಚಾರ ಇವತ್ತಿನದೋ ನಿನ್ನೆಯದೋ ಎಂದು ವಿಚಾರಿಸಿಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಔಷಧ ವಿತರಿಸುವ ನಮ್ಮ ಕಂಪನಿಯ ದಾದರ್ ಆಫೀಸಿನಲ್ಲಿ ನಾನು ಲೆಕ್ಕಪತ್ರದವನು, ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಏರ್‌ಕಂಡೀಷನ್ ಕೋಣೆಗೆಂದು ಮೈಸೂರಿನಿಂದ ತಂದ ಹಸಿರು ಸ್ವೆಟರನ್ನು ಮೇ ತಿಂಗಳ ಪ್ಲಾಟ್‌ಫಾರ್ಮಿನಲ್ಲೂ ಕಳಚದೆ, ಕೊಂಚ ಮುಂದಕ್ಕೆ ಬಾಗಿ, ಬಿರುಸಾಗಿ ನಡೆದು, ಏನನ್ನೋ ಮರೆತವರಂತೆ ಗಕ್ಕನೆ ನಿಂತು, ಮತ್ತೆ ಹೊರಡುವ ಅವರ ಗತಿಯನ್ನು ಸಂಜೆಯ ಜನಪ್ರವಾಹದ ನಡುವೆಯೂ ದೂರದಿಂದಲೇ ಗುರುತಿಸಬಹುದಿತ್ತು. ಇಂಡಿಕೇಟರ್ ಫಲಕವನ್ನು ನಂಬದೆ, ಲೋಕಲ್ ರೈಲು ಬಂದು ನಿಂತೊಡನೆ ಬಾಗಿಲಲ್ಲಿ ನೇತಾಡುವವರನ್ನು ಗೋರೆಗಾಂವ್‌ನಲ್ಲಿ ನಿಲ್ಲುತ್ತದೆಯೇ ಎಂದು ಕೇಳುವರು. ಒಳಗೆ ತೂರಿಕೊಂಡ ಮೇಲೆ ಇನ್ನೊಬ್ಬರನ್ನು ಕೇಳಿ ಬೈಸಿಕೊಳ್ಳುವರು.

ಮನೆಯಲ್ಲಿ ಮಾತ್ರ ಈ ಜಾಗರೂಕತೆಗೆ ರಜೆ. ಹೆಂಡತಿ ಅಲಮೇಲು ನಮ್ಮ ಮುಂದೆ ಕಾಫಿ ತಂದಿಟ್ಟಾಗಲೆಲ್ಲ, ಅವಳಿಗೆ ಮಾತ್ರ ಕಾಫಿ ಆಗುವುದಿಲ್ಲವೆಂದು ಸಾರುವರು. ಮದುವೆಯಾದ ಹೊಸದರಲ್ಲಿ ಅದು ನಿಜವಾಗಿತ್ತಂತೆ. ಗಂಡ ಆಫೀಸಿಗೆ ಹೊರಟ ಬೆನ್ನಲ್ಲೇ ಆಕೆ ಲೋಟದ ತುಂಬ ಕಾಫಿ ಬೆರೆಸಿಕೊಂಡು ಕೂರುತ್ತಾರೆಂಬುದು ನನ್ನ ಹೆಂಡತಿಗೂ ಗೊತ್ತಿತ್ತು, ಅವಳಿಂದ ನನಗೂ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ.

ತೊಂಬತ್ತೊಂದರ ಮಳೆಗಾಲದಲ್ಲಿ ತಯಾರಕರು ಕೆಮ್ಮಿನ ಔಷಧದ ಒಂದು ಬ್ಯಾಚನ್ನು ದೋಷವಿದೆಯೆಂದು ಹಿಂದಕ್ಕೆ ಪಡೆದರು. ಅದನ್ನು ಮಾರಕೂಡದೆಂಬ ಸೂಚನೆ ಬೆಳಿಗ್ಗೆಯೇ ದಾದರಿನ ಕಂಪ್ಯೂಟರ್ ಸೇರಿದ್ದರೂ, ಮಧ್ಯಾಹ್ನ ಜೋಗೇಶ್ವರಿ ಶಾಖೆಯಿಂದ ಅದೇ ಬ್ಯಾಚಿನ ಪೆಟ್ಟಿಗೆಗಳು ಅಂಗಡಿಗಳಿಗೆ ಹೋದವು. ಸಂಜೆಯೊಳಗೆ ಎಲ್ಲವೂ ವಾಪಸು ಬಂದವು, ಯಾರಿಗೂ ಏನೂ ಆಗಲಿಲ್ಲ. ಆದರೂ ಯಾರದಾದರೂ ತಲೆದಂಡ ಆಗಲೇಬೇಕಿತ್ತು. ದಾದರಿನಿಂದ ಬರುವ ದಾಸ್ತಾನು ಪಟ್ಟಿಯನ್ನು ಅಲ್ಲಿ ಪರದೆಯ ಮೇಲೆ ನೋಡಿ ಮಾಲು ಬಿಡುತ್ತಿದ್ದವಳು ವಿನೋದಿನಿ, ಮಂಗಳೂರು ಕಡೆಯ ಮನೆತನ, ಬೆಳೆದದ್ದು ಜೋಗೇಶ್ವರಿಯ ಚಾಳಿನಲ್ಲಿ. ಅವಳ ಸಂಬಳದಲ್ಲೇ ಮನೆ ನಡೆಯಬೇಕು. ಪರದೆಯ ಮೇಲೆ ಮಾರಬಹುದೆಂದೇ ಇತ್ತೆಂದು ಅವಳು ಹೇಳಿದಳು. ಮ್ಯಾನೇಜರ್ ಜಯಸಿಂಹ ದಾದರಿನಲ್ಲಿ ಅದೇ ಪಟ್ಟಿ ತೆರೆದು ನೋಡಿದರೆ ಮಾರಕೂಡದೆಂದಿತ್ತು.

ವಿಚಾರಣೆಗೆ ನನ್ನನ್ನೂ ಕೂರಿಸಿದ್ದರು. ಅಭಿಪ್ರಾಯ ಕೇಳಿದಾಗ ತಿರುಮಲೇಶರು, ಆ ಹುಡುಗಿ ಮೊದಲಿನಿಂದಲೂ ಅಜಾಗರೂಕಳೆಂದು ಹೇಳಿಬಿಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ದಾಸ್ತಾನನ್ನು ತಪ್ಪಾಗಿ ತುಂಬಿದ್ದನ್ನು ಹಿಡಿದವರು ಅವರೇ. ಆಮೇಲೆ ಅವಳ ಕೆಲಸವನ್ನು ಅವರು ನೋಡಿಯೇ ಇರಲಿಲ್ಲ. ವಿನೋದಿನಿ ಅಳಲಿಲ್ಲ.

“ಸರ್, ನೀವು ಎಲ್ಲದಕ್ಕೂ ಯಾವಾಗಿನದು ಅಂತ ಕೇಳ್ತೀರಿ,” ಎಂದಳು. “ನನ್ನ ಬಗ್ಗೆ ನಿಮ್ಮ ಒಪಿನಿಯನ್ ಉಂಟಲ್ಲ, ಅದು ಯಾವಾಗಿನದು?”

ತಿರುಮಲೇಶರು ತೀರ್ಮಾನವನ್ನು ಮುಂದೂಡಬೇಕೆಂದು ಜಯಸಿಂಹರನ್ನು ಕೇಳಿಕೊಂಡು ಎದ್ದುಹೋದರು.

ಮಾರನೆಯ ದಿನ ಜೋಗೇಶ್ವರಿಯಲ್ಲಿ, ಅವಳದೇ ಕುರ್ಚಿಯಲ್ಲಿ ಕುಳಿತು, ಆ ಸೆಕೆಯಲ್ಲೂ ಸ್ವೆಟರ್ ತೊಟ್ಟು, ಒಂದೇ ಪಟ್ಟಿಯನ್ನು ದಾದರಿನಿಂದ ಮತ್ತೆ ಮತ್ತೆ ತರಿಸಿಕೊಂಡರಂತೆ. ಫೋನ್ ಲೈನು ನಿಧಾನವಾದ್ದರಿಂದ ಶಾಖೆಗಳು ಬಂದ ಪಟ್ಟಿಯ ಪ್ರತಿಯನ್ನು ಇಟ್ಟುಕೊಳ್ಳುತ್ತಿದ್ದವು. ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂಬ ಅಪ್ಪಣೆ ಪಟ್ಟಿಯ ತಲೆಯಲ್ಲಿ, ಪರದೆಯ ಮೇಲೆ ಕಾಣದ ಒಂದು ಸಾಲಿನಲ್ಲಿ ಇರುತ್ತಿತ್ತು. ದಾದರಿನಲ್ಲಿ ಪಟ್ಟಿ ಕಳಿಸುವ ಯಂತ್ರಗಳು ಎರಡು. ಒಂದರ ಸಾಲು, ಪ್ರತಿಸಲವೂ ಹೊಸದಾಗಿ ಕೇಳು ಎನ್ನುತ್ತಿತ್ತು. ಇನ್ನೊಂದರದು, ಸಂಜೆಯವರೆಗೆ ಇದನ್ನೇ ಇಟ್ಟುಕೋ ಎನ್ನುತ್ತಿತ್ತು. ಮೊದಲು ಎರಡರಲ್ಲೂ ಇದ್ದ ಈ ಹಳೆಯ ಅಪ್ಪಣೆಯನ್ನು ತಿರುಮಲೇಶರು ತಿದ್ದಿದ ದಿನ ಎರಡನೆಯ ಯಂತ್ರ ರಿಪೇರಿಗೆ ಹೋಗಿತ್ತು. ಅದು ಮರಳಿದ ಮೇಲೆ ತಿದ್ದುವುದು ಮರೆತೇಹೋಯಿತು. ಯಾವ ಯಂತ್ರ ಉತ್ತರಿಸುತ್ತದೋ ಅದರ ಮೇಲೆ ಶಾಖೆಯ ಅದೃಷ್ಟ. ಸೂಚನೆ ಬರುವ ಮುನ್ನ ವಿನೋದಿನಿಗೆ ಉತ್ತರಿಸಿದ್ದು ಎರಡನೆಯದು. ಆ ಪಟ್ಟಿಯೇ ಇಡೀ ದಿನ ಅವಳ ಮುಂದಿತ್ತು.

“ಹುಡುಗಿ ಕಂಡದ್ದನ್ನೇ ಹೇಳಿದಾಳೆ. ತಿದ್ದೋದು ಮರೆತೋನು ನಾನು, ಹಾಗೇ ಬರ್ಕೊಳಿ,” ಎಂದು ತಿರುಮಲೇಶರು ಜಯಸಿಂಹರಿಗೆ ಹೇಳಿ, ಬರೆಯುವವರೆಗೂ ಎದುರಿಗೇ ನಿಂತಿದ್ದರು. ವಿನೋದಿನಿಯ ಕೆಲಸ ಉಳಿಯಿತು. ಆ ವರ್ಷ ಆಗಬೇಕಿದ್ದ ಅವರ ಬಡ್ತಿ ತಪ್ಪಿತು. ಆ ಮನುಷ್ಯನ ಮೇಲೆ ನನಗೆ ಮೊದಲ ಬಾರಿಗೆ ಗೌರವ ಹುಟ್ಟಿದ್ದು ಆಗ.

ಮುಂದಿನ ಭಾನುವಾರ ಗೋರೆಗಾಂವ್‌ನ ಅವರ ಮನೆಗೆ ಹೋಗಿದ್ದೆ. ಅಲಮೇಲು ಎರಡು ಲೋಟ ಕಾಫಿ ತಂದಿಟ್ಟರು. ತಿರುಮಲೇಶರು ಎಂದಿನ ಘೋಷಣೆಗೆ ಬಾಯಿ ತೆರೆದು, ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುತ್ತಿದ್ದ ಹಾಗೆಯೇ ಗಕ್ಕನೆ ನಿಂತುಬಿಟ್ಟರು.

“ಅಲಮೇಲು, ಕಾಫಿ... ಈಗ್ಲೂ ಆಗೋದಿಲ್ವೇನೇ ನಿಂಗೆ?”

ಆಕೆ ಒಳಗೆ ಹೋಗಿ, ಆಗಲೇ ಬೆರೆಸಿಟ್ಟಿದ್ದ ಮೂರನೆಯ ಲೋಟವನ್ನು ತಂದು ನಮ್ಮೆದುರಿಗೆ ಕುಳಿತರು.

ಲೋಕದ ಪ್ರತಿಯೊಂದು ಮಾತಿಗೂ ತಾರೀಖು ಕೇಳುವ ಇಂಥವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ, ಅವರ ಕಾಟವೂ ಇರುತ್ತದೆ. ಪರರ ವಿಷಯದಲ್ಲಿ ತಾವು ಕಟ್ಟಿಕೊಂಡ ಅಭಿಪ್ರಾಯಕ್ಕೆ ಮಾತ್ರ ಅವರು ತಾರೀಖು ಹಾಕುವುದಿಲ್ಲ. ಒಮ್ಮೆ ಕಣ್ಣಾರೆ ಕಂಡದ್ದು ಹಳತಾಗುತ್ತದೆಂದು ಅವರಿಗೆ ಹೊಳೆಯುವುದೇ ಇಲ್ಲ. ಹೊಳೆದ ಮೇಲೆ, ಎದ್ದು ಜೋಗೇಶ್ವರಿಗೆ ಹೋಗಿ ನೋಡಿಬರುವವರು ಅವರಲ್ಲಿ ಬಹಳ ಕಡಿಮೆ.