ನಾಲ್ಕು ಜನರ ಅಡುಗೆ

ಬೂಬೂ ಹಡಗು ಹತ್ತಿದ ದಿನದಿಂದ ನಮ್ಮ ಮನೆಯ ರಾತ್ರಿಯೂಟ ಹದಗೆಟ್ಟಿತು.

ಬೂಬೂ ಅಂದರೆ ನಮ್ಮಜ್ಜಿ, ಅಪ್ಪನ ತಾಯಿ. ಕಂದಾವು ದ್ವೀಪದ ಊರಿನಲ್ಲಿ ಅವಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಸುದ್ದಿ ಬಂದ ಮರುದಿನವೇ ಬೂಬೂ ಚಾಪೆ ಸುತ್ತಿಕೊಂಡು, ನನ್ನ ಮತ್ತು ತಂಗಿ ಲೊಸಲಿನಿಯ ಕೆನ್ನೆ ಮೂಸಿ ಮುದ್ದಿಸಿ, "ನಾನು ಬರೋವರೆಗೂ ಹೊಟ್ಟೆಗೆ ಸರಿಯಾಗಿ ತಿನ್ರೇ" ಎಂದು ಹೇಳಿ ಹೊರಟಳು. ಏನು ತಿನ್ನಬೇಕು, ಯಾರು ಮಾಡಬೇಕು ಅನ್ನುವುದನ್ನು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಸಂಜೆಯಾದರೆ ಕತ್ತಲು ಹೇಗೆ ಬರುತ್ತಿತ್ತೋ ಹಾಗೆ ಊಟವೂ ಬರುತ್ತಿತ್ತು.

ಅಮ್ಮನ ಹೆಸರು ಮಕೆರೆತ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬಸ್ಸಿಳಿದು ನೌಸೋರಿ ಸೇತುವೆ ದಾಟಿ ಮನೆ ಸೇರುವಷ್ಟರಲ್ಲಿ ಬೀದಿದೀಪ ಹತ್ತಿರುತ್ತಿತ್ತು. ಅಪ್ಪ ಕಿತಿಯೋನೆ, ಬಸ್ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವನದು. ಮಧ್ಯಾಹ್ನ ಇಳಿಯುವ ಮೊದಲೇ ಕೆಲಸ ಮುಗಿಯುತ್ತಿತ್ತು. ಆಮೇಲೆ ಡಿಪೋ ಹಿಂದಿನ ಮಾವಿನ ಮರದ ಕೆಳಗೆ ಯಂಗೋನದ ಬಟ್ಟಲಿನ ಸುತ್ತ ಕೂತು, ಆ ಬೇರಿನ ಕಷಾಯವನ್ನು ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತ, ಹರಟೆ ಹೊಡೆದು, ಊಟದ ಹೊತ್ತಿಗೆ ಮನೆಗೆ ಬರುವುದು ಅವನ ರೂಢಿ.

ಬೂಬೂ ಹೋದ ಮೇಲೆ ಮೊದಮೊದಲು ಬ್ರೆಡ್ಡು, ಬೆಣ್ಣೆ, ಚಹಾ. ಆಮೇಲೆ ಪೊಟ್ಟಣದ ನೂಡಲ್ಸು. ಆಮೇಲೆ ಮತ್ತೆ ಬ್ರೆಡ್ಡು. ಅಮ್ಮ ಬಂದು ಚೀಲ ಇಳಿಸಿ, ಮರಗೆಣಸು ಸುಲಿದು ಒಲೆಗಿಟ್ಟರೆ ಅದು ಬೇಯುವಷ್ಟರಲ್ಲಿ ಲೊಸಲಿನಿ ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಒಂದು ದಿನ ಅಮ್ಮ ಅವಳನ್ನು ಎಬ್ಬಿಸಿ ಉಣಿಸಲು ನೋಡಿದಳು. ಮಗು ಕಣ್ಣು ಮುಚ್ಚಿಕೊಂಡೇ ಅಗಿದು, ಅರ್ಧಕ್ಕೆ ಬಾಯಲ್ಲಿಟ್ಟುಕೊಂಡು ಮತ್ತೆ ಮಲಗಿಬಿಟ್ಟಿತು. ಅಮ್ಮ ತನ್ನ ಬೆರಳಿನಿಂದ ಆ ತುತ್ತನ್ನು ಹೊರಗೆ ತೆಗೆದಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಮರುದಿನ ಅಪ್ಪ ಯಂಗೋನಕ್ಕೆ ಕೂರದೆ ನೇರ ಮಾರುಕಟ್ಟೆಗೆ ಹೋದ.

ಅಪ್ಪನಿಗೆ ಅಡುಗೆ ಬರುವುದಿಲ್ಲ ಎಂದೇನಲ್ಲ. ಮದುವೆ, ಸಾವು, ಚರ್ಚಿನ ಹಬ್ಬ, ಯಾವುದಿದ್ದರೂ ನಮ್ಮ ಗಂಡಸರು ನೆಲದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಹಂದಿ, ಕೋಳಿ, ಗೆಡ್ಡೆಗಳನ್ನು ಎಲೆ ಮುಚ್ಚಿ ಹೂತು ಬೇಯಿಸುತ್ತಾರೆ. ಆ ಲೋವೋ ಗುಂಡಿಯ ಕೆಲಸದಲ್ಲಿ ಅಪ್ಪನದು ಪಳಗಿದ ಕೈ. ಊರಿಗೆ ಊರೇ ಅವನ ಕೈಯ ಹಂದಿಮಾಂಸ ತಿಂದು ಬೆರಳು ಚೀಪಿತ್ತು. ಆದರೆ ಅವನಿಗೆ ಗೊತ್ತಿದ್ದದ್ದು ಊರೂಟದ ಅಳತೆ ಮಾತ್ರ.

ಅವತ್ತು ನಾನು ಶಾಲೆಯಿಂದ ಬಂದಾಗ ಹಿತ್ತಲಲ್ಲಿ ಹೊಗೆಯೋ ಹೊಗೆ. ಚರ್ಚಿನವರಿಂದ ತಂದ ದೊಡ್ಡ ಹಂಡೆ ಮೂರು ಕಲ್ಲಿನ ಮೇಲೆ ಕೂತಿತ್ತು. ಗೋಣಿಯಷ್ಟು ಮರಗೆಣಸು ಸುಲಿದು ಗುಡ್ಡೆ ಹಾಕಿದ್ದ. ಕೆಸುವಿನ ಎಲೆಯ ಕಟ್ಟುಗಳು, ತುರಿದ ತೆಂಗಿನಕಾಯಿ, ಸೋಸಿದ ಹಾಲು. ಅಪ್ಪ ಬರಿಮೈಯಲ್ಲಿ, ಬೆವರು ಸುರಿಸುತ್ತ, ಮರದ ಹುಟ್ಟಿನಿಂದ ತಿರುವುತ್ತಿದ್ದ.

ಬೇಲಿಯ ಆಚೆಯಿಂದ ಅಮ್ಮನ ತಮ್ಮ ವಿಲಿಮೋನೆ ಮಾವ ಇಣುಕಿದ. ಅವನಿಗೂ ಅಪ್ಪನಿಗೂ ಭಾವ-ಮೈದುನರ ಸಲಿಗೆ. ಒಬ್ಬರ ಕಾಲು ಒಬ್ಬರು ಎಳೆಯದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

"ಭಾವಾ, ಸತ್ತೋರು ಯಾರು?"

"ಯಾರೂ ಸತ್ತಿಲ್ಲ ಕಣೋ. ಮನೇವ್ರಿಗೆ ಊಟ ಮಾಡ್ತಿದೀನಿ."

"ಮನೇವ್ರು ಅಂದ್ರೆ? ರೇವಾ ಹೊಳೆ ಈಚೆಗಿರೋರೆಲ್ಲಾನಾ?"

"ನೀನು ಬರೋದಾದ್ರೆ ಆಚೆಯೋರಿಗೂ ಸೇರ್ಸಿ ಮಾಡ್ಬೇಕು. ನಿನ್ನ ಹೊಟ್ಟೆ ನಂಗೆ ಗೊತ್ತಿಲ್ವಾ?"

ಮಾವ ಬಂದ. ಮಾವನ ಹೆಂಡತಿ ಮಕ್ಕಳು ಬಂದರು. ಹೊಗೆ ಕಂಡು ಪಕ್ಕದ ಮನೆಯವರು ಬಂದರು. ಮರದ ಮಿಲ್ಲಿನ ರಾತ್ರಿ ಕಾವಲಿಗೆ ಹೊರಟಿದ್ದ ದೀಪ್ ಕಾಕಾ ಗೇಟಿನಲ್ಲಿ ಕಂಡದ್ದೇ ಅಪ್ಪ, "ದೀಪ್ ಭಾಯಿ, ಮೈ ಕಾನಾ! ಬನ್ನಿ ಊಟಕ್ಕೆ!" ಎಂದು ಕೂಗಿದ. ನಮ್ಮಲ್ಲಿ ಊಟದ ಹೊತ್ತಿಗೆ ದಾರಿಯಲ್ಲಿ ಯಾರೇ ಹೋಗುತ್ತಿರಲಿ, 'ಮೈ ಕಾನಾ' ಎಂದು ಕೂಗಿ ಕರೆಯಲೇಬೇಕು. ಕರೆಯದೆ ಉಂಡರೆ ಕದ್ದು ಉಂಡಂತೆ.

ಅಮ್ಮ ಬಂದಾಗ ಮನೆ ತುಂಬ ಜನ. ಅವಳು ನಕ್ಕಳು. ಬಹಳ ದಿನದ ಮೇಲೆ ಲೊಸಲಿನಿ ಹೊಟ್ಟೆ ತುಂಬ ಉಂಡು ಎಚ್ಚರವಾಗಿ ಓಡಾಡುತ್ತಿದ್ದಳು. ಅಪ್ಪನ ಮುಖದಲ್ಲಿ ಸಿಪಾಯಿಯ ಗತ್ತು.

ಆದರೆ ಮರುದಿನವೂ ಅದೇ ಹಂಡೆ, ಅದರ ಮರುದಿನವೂ ಅದೇ. ಬೀದಿಯವರಿಗೆ ರೂಢಿಯಾಯಿತು. ಮಂಗಳವಾರವೋ ಬುಧವಾರವೋ, ನಮ್ಮ ಮನೆಯಲ್ಲಿ ಮಾತ್ರ ದಿನವೂ ಹಬ್ಬ. ಅಪ್ಪ ಬೇಯಿಸುತ್ತಿದ್ದ, ನಿಜ. ಬಡಿಸುವುದು, ಬಂದವರಿಗೆ ಚಹಾ ಕಾಯಿಸುವುದು, ತಟ್ಟೆ ತೊಳೆಯುವುದು, ಕೊನೆಗೆ ಉಳಿದದ್ದರಲ್ಲಿ ಉಣ್ಣುವುದು ಅಮ್ಮನ ಪಾಲಿಗೆ ಬಂದಿತ್ತು. ಬಂದವರ ಎದುರು ಮುಖ ಸಿಂಡರಿಸುವ ಹಾಗಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಹಂಡೆಯ ಪಕ್ಕದಲ್ಲಿ ಕೂತುಬಿಟ್ಟಳು.

"ಕಿತಿ, ಅಲ್ಲಿ ಒಂದು ಪಾಳಿ, ಇಲ್ಲಿ ಒಂದು ಪಾಳಿ. ನನ್ ಕೈಲಾಗಲ್ಲ."

"ನಿಂಗೆ ಕಷ್ಟ ಆಗ್ಬಾರ್ದು ಅಂತಾನೇ ನಾನು ಮಾಡ್ತಿರೋದು."

"ಗೊತ್ತು. ಆದ್ರೆ ನಂಗೆ ಊರೂಟ ಬೇಡ. ಮನೆಯೂಟ ಬೇಕು. ನಾವು ನಾಲ್ಕೇ ಜನ ಕೂತ್ಕೊಂಡು, ಈ ಮಕ್ಕಳು ಶಾಲೇಲಿ ಏನ್ ಮಾಡಿದ್ರು ಅಂತ ಕೇಳ್ಕೊಂಡು ಉಣ್ಬೇಕು. ಇವತ್ತು ಲೊಸಲಿನಿಗೆ ಹಲ್ಲು ಬಿದ್ದಿದೆ ಅಂತ ನಂಗೆ ಹೇಳಿದ್ದು ಯಾರು ಗೊತ್ತಾ? ಪಕ್ಕದ್ಮನೆಯೋಳು."

ಅಪ್ಪ ತಲೆ ಕೆರೆದುಕೊಂಡ. "ನಾಲ್ಕು ಜನಕ್ಕೆ ಮಾಡೋದು ಹೇಗೆ ಅಂತ ನಂಗೆ ಗೊತ್ತಿಲ್ಲ ಕಣೇ," ಎಂದ. ಅದು ತಮಾಷೆಯಲ್ಲ. ಅವನು ನಿಜ ಹೇಳುತ್ತಿದ್ದ.

ಅದನ್ನೇ ಅವನು ಮರುದಿನ ದೀಪ್ ಕಾಕಾನ ಹತ್ತಿರವೂ ಹೇಳಿಕೊಂಡ. ದೀಪ್ ಕಾಕಾ, ಅಂದರೆ ದೀಪ್ ನಾರಾಯಣ, ನಮ್ಮ ಬೀದಿಯ ಕೊನೆಯ ಒಂಟಿ ಕೋಣೆಯಲ್ಲಿ ಇದ್ದವನು. ಮದುವೆಯಾಗಿರಲಿಲ್ಲ. ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಿದ್ದ.

"ಅಯ್ಯೋ, ಅದ್ರಲ್ಲೇನಿದೆ? ಪಾತ್ರೆ ಚಿಕ್ಕದಾದ್ರೆ ಕೈ ತಾನೇ ಚಿಕ್ಕದಾಗುತ್ತೆ," ಎಂದವನು ಕೋಣೆಗೆ ಹೋಗಿ ಒಂದು ಅಲ್ಯೂಮಿನಿಯಂ ಪಾತ್ರೆ ತಂದುಕೊಟ್ಟ. "ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹುರ್ಕೋ. ಟೊಮೆಟೊ ಹಾಕು. ಡಬ್ಬಿ ಮೀನು ಒಡ್ದು ಸುರಿ. ಮೀನು ಮೊದಲೇ ಬೆಂದಿರುತ್ತೆ, ಜಾಸ್ತಿ ತಿರುವಿ ಪುಡಿ ಮಾಡ್ಬೇಡ. ಕೊನೇಲಿ ನಿಮ್ಮ ತೆಂಗಿನ ಹಾಲು ಹಾಕಿ, ಕುದಿ ಬರೋ ಮುಂಚೆ ಇಳ್ಸು. ಅಷ್ಟೇ. ಬಸ್ಸು ತಿರುಗಿಸೋಷ್ಟು ಹೊತ್ತೂ ಹಿಡಿಯಲ್ಲ."

ಆ ಸಂಜೆ ಅಮ್ಮ ಬಂದಾಗ ಹಿತ್ತಲಲ್ಲಿ ಹೊಗೆ ಇರಲಿಲ್ಲ. ಒಳಗಿನ ಗ್ಯಾಸಿನ ಒಲೆಯ ಮೇಲೆ ಚಿಕ್ಕ ಪಾತ್ರೆ, ಪಕ್ಕದಲ್ಲಿ ಅನ್ನ. ಚಾಪೆಯ ಮೇಲೆ ನಾಲ್ಕು ತಟ್ಟೆ. ಅಪ್ಪ ಒಂದು ಕೆಲಸ ಹೆಚ್ಚಿಗೆ ಮಾಡಿದ್ದ: ಮುಂಬಾಗಿಲು ಮುಚ್ಚಿ, ಕಿಟಕಿಯ ಗಾಜಿನ ಪಟ್ಟಿಗಳನ್ನು ಓರೆಯಾಗಿ ಇಳಿಸಿದ್ದ. ನಾಲ್ಕು ಜನಕ್ಕೆ ಮಾಡಿಟ್ಟು ದಾರಿಹೋಕರನ್ನು ಕರೆದರೆ ಅವರಿಗೇನು ಬಡಿಸುವುದು? ಕರೆಯದಿದ್ದರೆ ತಪ್ಪು. ಕಾಣದಿದ್ದರೆ ಕರೆಯಬೇಕಾಗಿಲ್ಲವಲ್ಲ!

ಮುಚ್ಚಿದ ಬಾಗಿಲೊಳಗೆ ನಾವು ಮೊದಲ ಸಲ ಉಂಡದ್ದು ಅವತ್ತು. ಲೊಸಲಿನಿ ಹಲ್ಲಿನ ಕಥೆ ಹೇಳಿದಳು. ನಾನು ಲೆಕ್ಕದ ಮೇಷ್ಟ್ರ ನಡಿಗೆ ಮಾಡಿ ತೋರಿಸಿದೆ. ಅಮ್ಮ ನಕ್ಕು ನಕ್ಕು ಕೆಮ್ಮಿದಳು. ಮೀನಿನ ಸಾರು ಎಷ್ಟು ಚೆನ್ನಾಗಿತ್ತೆಂದರೆ ಅಪ್ಪ ಪಾತ್ರೆಗೆ ಅನ್ನ ಹಾಕಿ ಒರೆಸಿ ತಿಂದ.

ಹೀಗೆ ದಿನಗಳು ಸಾಗಿದವು. ಅಪ್ಪನಿಗೆ ಹುರುಪು ಬಂತು. ಒಂದು ದಿನ ಮೊಟ್ಟೆ ಮತ್ತು ಬೆಂಡೆ, ಒಂದು ದಿನ ಬೇಳೆ, ಒಂದು ದಿನ ಡಬ್ಬಿ ಮಾಂಸವನ್ನು ಕೋಸಿನ ಜೊತೆ ಹುರಿದದ್ದು. ಅವಸರದಲ್ಲಿ ಕೆಸುವಿನ ಎಲೆ ಅರ್ಧ ಬೇಯಿಸಿದ ದಿನ ನಾಲ್ವರೂ ಗಂಟಲು ಕೆರೆದುಕೊಂಡು ಸಕ್ಕರೆ ಮುಕ್ಕಿದೆವು. ವಿಲಿಮೋನೆ ಮಾವ ಬಾಗಿಲ ಹೊರಗೆ ನಿಂತು, "ಅಕ್ಕಾ, ನಿನ್ ಗಂಡ ಒಳಗಡೆ ಬಂಗಾರ ಬೇಯಿಸ್ತಿದಾನಾ, ಬಾಗ್ಲು ಹಾಕ್ಕೊಂಡು?" ಎಂದು ಕೂಗಿ ಹೋದ. ಅಮ್ಮ ನಕ್ಕಳು. ಆದರೆ ಆ ನಗು ಬೇಗ ಆರಿತು.

ಒಂದು ಗುರುವಾರ ನಾವು ಉಣ್ಣುತ್ತಿದ್ದೆವು. ಗೇಟಿನ ಹತ್ತಿರ ಯಾರೋ ಕೆಮ್ಮಿದ ಸದ್ದಾಯಿತು. ಅಮ್ಮ ಗಾಜಿನ ಸಂದಿಯಿಂದ ನೋಡಿದಳು. ದೀಪ್ ಕಾಕಾ. ಕೈಯಲ್ಲಿ ಟಾರ್ಚು, ಹೆಗಲಿಗೆ ಕೋಟು. ಗೇಟಿನ ಮೇಲೆ ಕೈಯಿಟ್ಟು ಮುಚ್ಚಿದ ಬಾಗಿಲನ್ನು ನೋಡಿದ, ಇನ್ನೊಮ್ಮೆ ಕೆಮ್ಮಿದ, ಕೈ ತೆಗೆದು ಹೊರಟ.

ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ನಿನ್ನೆಯೂ ಹೀಗೇ ನಿಂತಿದ್ರು," ಎಂದಳು ಲೊಸಲಿನಿ. "ಮೊನ್ನೇನೂ."

"ಮತ್ತೆ ಹೇಳ್ಬಾರ್ದೇನೇ?"

"ಅಪ್ಪ ಯಾರ್ ಬಂದ್ರೂ ಸುಮ್ನಿರು ಅಂದಿದ್ದಾರಲ್ಲ."

ಅಪ್ಪ ತಟ್ಟೆಯನ್ನೇ ನೋಡುತ್ತ ಕೂತ. ಅಮ್ಮ ಎದ್ದು, ಎಂಜಲು ಕೈಯಲ್ಲೇ ಬಾಗಿಲು ತೆರೆದು ಬೀದಿಗೇ ಇಳಿದಳು.

"ದೀಪ್ ಭಾಯಿ! ಬನ್ನಿ, ಊಟ ಮಾಡಿ!"

"ಬೇಡ ತಂಗಿ, ನಂದು ಆಯ್ತು."

"ಏನ್ ಆಯ್ತು? ಏನ್ ಉಂಡ್ರಿ, ಹೇಳಿ ನೋಡೋಣ."

ದೀಪ್ ಕಾಕಾ ಸುಳ್ಳು ಹುಡುಕಿದ. ಸಿಗಲಿಲ್ಲ. "ಬ್ರೆಡ್ಡು," ಎಂದ.

ಅಮ್ಮ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಅವನು ಚಾಪೆಯ ಅಂಚಿನಲ್ಲಿ ಕೂತ. ಅಮ್ಮ ತನ್ನ ತಟ್ಟೆ ಅವನ ಮುಂದೆ ಸರಿಸಲು ಹೋದರೆ ಬೇಡವೇ ಬೇಡ ಎಂದು ಕೈ ಅಡ್ಡ ಹಿಡಿದ.

"ನಾನು ಊಟಕ್ಕೆ ಬಂದೋನಲ್ಲ ತಂಗಿ. ಹೇಳ್ಕೊಳ್ಳೋಕೆ ನಾಚಿಕೆ. ನಾನು..." ಅವನ ಕಣ್ಣು ಒಲೆಯ ಕಡೆ ಹೋಯಿತು. "ಆ ಪಾತ್ರೆ ವಾಪಸ್ ಸಿಕ್ಕಿದ್ರೆ ಆಗಿತ್ತು."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ನಂಗಿರೋದು ಅದೊಂದೇ," ಎಂದ ದೀಪ್ ಕಾಕಾ. "ನೀವು ದಿನಾ ಕರೆದು ಹಾಕ್ತಿದ್ರಲ್ಲ, ನಂಗ್ಯಾಕೆ ಪಾತ್ರೆ ಅಂತ ಕೊಟ್ಬಿಟ್ಟೆ. ಕೊಟ್ಟ ದಿನದಿಂದ ನಿಮ್ ಬಾಗ್ಲು ಮುಚ್ತು. ಊಟಾನೂ ಹೋಯ್ತು, ಪಾತ್ರೆನೂ ಹೋಯ್ತು."

ಅಪ್ಪನ ಮುಖ ನೋಡಬೇಕಿತ್ತು. ಮೊದಲು ಕಪ್ಪಿಟ್ಟಿತು. ಆಮೇಲೆ ತುಟಿ ಅದುರಿತು. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆದರೂ ನಗು ಬೆರಳುಗಳ ಸಂದಿಯಿಂದ ಬಂದೇ ಬಂತು. ದೀಪ್ ಕಾಕಾನೂ ನಗತೊಡಗಿದ. ಕೊನೆಗೆ ಐವರೂ ಹೊಟ್ಟೆ ಹಿಡಿದುಕೊಂಡೆವು. ನಗುತ್ತಲೇ ಅಮ್ಮ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರು ಮಾತ್ರ ಆಗಿರಲಿಲ್ಲ.

ಪಾತ್ರೆಯಲ್ಲಿ ಉಳಿದದ್ದು ಒಂದು ಸೌಟಿನಷ್ಟು ಬೇಳೆ. ಅಪ್ಪ ಎದ್ದು ಅದಕ್ಕೆ ನೀರು, ಒಂದು ಹಿಡಿ ಸೊಪ್ಪು, ಎರಡು ಮೊಟ್ಟೆ ಒಡೆದು ಹಾಕಿ ಕುದಿಸಿದ. ನಮ್ಮ ತಟ್ಟೆಗಳಿಂದ ಒಂದಿಷ್ಟು ಅನ್ನ ಆಚೆ ಸರಿಯಿತು. ದೀಪ್ ಕಾಕಾ ಉಂಡು, ತೇಗಿ, "ಉಪ್ಪು ಸ್ವಲ್ಪ ಮುಂದಿದೆ," ಎಂದು ಹೇಳಿ ಕಾವಲಿಗೆ ಹೋದ.

"ಕಿತಿ," ಎಂದಳು ಅಮ್ಮ ತಟ್ಟೆ ಒಟ್ಟುಮಾಡುತ್ತ, "ನಾಲ್ಕೇ ಜನಕ್ಕೆ ಅಂತ ಹಟ ಹಿಡಿದಿದ್ದು ನಾನು. ಐದು ಜನಕ್ಕೆ ಮಾಡು. ನಲವತ್ತಕ್ಕೆ ಮಾತ್ರ ಬೇಡ, ದಮ್ಮಯ್ಯ."

"ತಟ್ಟೆ ನಾನೇ ತೊಳೀತೀನಿ ಬಿಡು," ಎಂದ ಅಪ್ಪ.

ಶನಿವಾರ ಅವರಿಬ್ಬರೂ ಜೊತೆಯಲ್ಲಿ ಹೋಗಿ ನಡುಗಾತ್ರದ ಪಾತ್ರೆ ತಂದು, ದೀಪ್ ಕಾಕಾನದನ್ನು ತೊಳೆದು ವಾಪಸ್ ಕೊಟ್ಟರು. ಬಾಗಿಲು ಮತ್ತೆ ತೆರೆಯಿತು. ಬೀದಿಯವರೆಲ್ಲ ಮತ್ತೆ ನುಗ್ಗಿ ಬರುತ್ತಾರೇನೋ ಎಂದು ಅಮ್ಮನಿಗೆ ಅಳುಕಿತ್ತು. ಹಾಗಾಗಲಿಲ್ಲ. ಹಿತ್ತಲಲ್ಲಿ ಹಂಡೆಯ ಹೊಗೆ ಕಾಣದಿದ್ದರೆ ಯಾರಿಗೆ ತಾನೆ ಅರ್ಥವಾಗುವುದಿಲ್ಲ? ಕರೆದರೆ, "ಉಣ್ಣಿ, ಉಣ್ಣಿ, ನಮ್ದಾಯ್ತು" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಕರೆಯುವುದಕ್ಕೂ ಬರುವುದಕ್ಕೂ ನಡುವೆ ಅಷ್ಟು ಜಾಗ ಇದ್ದೇ ಇತ್ತು. ಅದು ನಮಗೆ ಮರೆತುಹೋಗಿತ್ತು. ದೀಪ್ ಕಾಕಾ ಮಾತ್ರ ಬರುತ್ತಿದ್ದ. ಬರಿಗೈಯಲ್ಲಲ್ಲ. ಕಿಸೆಯಲ್ಲಿ ತನ್ನ ಗಿಡದ ಹಸಿಮೆಣಸು, ಕೆಲವೊಮ್ಮೆ ಬದನೆ.

ಮಳೆಗಾಲ ಹಿಂದಾದ ಮೇಲೆ ಬೂಬೂ ವಾಪಸಾದಳು. ಅಕ್ಕ ಕೋಲು ಹಿಡಿದು ನಡೆಯುವಂತಾಗಿದ್ದಳು. ಮನೆಗೆ ಬಂದವಳೇ ಕೈಯ ಗಂಟನ್ನೂ ಇಳಿಸದೆ ನೇರ ಅಡುಗೆಮನೆಗೆ ನಡೆದಳು. ಅಲ್ಲಿ ಅವಳ ಮಗ ಸೌಟು ಹಿಡಿದು ನಿಂತಿದ್ದ.

"ಇದೇನೋ ಇದು?"

"ಅಮ್ಮ, ನೀನು ಹೋಗಿ ಕೂತ್ಕೋ. ಇನ್ನೇನು ಆಯ್ತು."

"ಗಂಡಸು ಒಳಗೆ ಒಲೆ ಮುಂದೆ ನಿಂತಿದೀಯಾ? ನಿನ್ ಹೆಂಡ್ತಿ ಎಲ್ಲಿ?"

"ಕೆಲ್ಸಕ್ಕೆ ಹೋಗಿದಾಳೆ. ಬರ್ತಾಳೆ."

ಬೂಬೂ ಚಾಪೆಯ ಮೇಲೆ ಕೂತಳು. ತನ್ನದೇ ಮನೆಯಲ್ಲಿ ನೆಂಟರ ಹಾಗೆ ಕೂತಿದ್ದ ಅವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ತೆಗೆದಳು, ಲೊಸಲಿನಿಯ ಜಡೆ ಬಿಚ್ಚಿ ಮತ್ತೆ ಹೆಣೆದಳು. ಅಪ್ಪ ತಟ್ಟೆ ತಂದಿಟ್ಟ. ತೆಂಗಿನ ಹಾಲಿನ ಮೀನು. ಬೂಬೂ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನಾವೆಲ್ಲ ಅವಳ ದವಡೆಯನ್ನೇ ನೋಡುತ್ತಿದ್ದೆವು.

"ಮದುವೆಯಾದಾಗಿಂದ," ಎಂದಳು, "ನಂಗೆ ಯಾರೂ ಬಡಿಸಿರ್ಲಿಲ್ಲ."

ಅಷ್ಟೇ ಹೇಳಿ ತಟ್ಟೆ ಮುಂದೆ ಚಾಚಿದಳು, ಇನ್ನಷ್ಟಕ್ಕೆ.

ಮರುದಿನದಿಂದ ಅವಳು ಅಡುಗೆಮನೆಗೆ ಮರಳಿದಳು. ಅಪ್ಪನನ್ನು ಆಚೆ ಕಳಿಸಲಿಲ್ಲ. ಅವಳು ಕೂತು ಸುಲಿಯುವುದು, ಅವನು ನಿಂತು ಬೇಯಿಸುವುದು. ಒಂದು ಸಂಜೆ ಅಮ್ಮ ಬಂದಾಗ ಒಳಗೆ ಜಗಳ ಜೋರಾಗಿತ್ತು. "ಉಪ್ಪು ಈಗ ಹಾಕ್ಬಾರ್ದು ಕಣೋ!" "ಹಾಕಿ ಆಯ್ತಮ್ಮ!" "ನಿನ್ ಕೈಗೆ ಬೆಂಕಿ ಬೀಳ!" ಅಮ್ಮ ಒಳಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಊದಿದ ಕಾಲು ಚಾಚಿ ಹೊಸ್ತಿಲ ಮೇಲೆ ಕೂತಳು. ನಾನು ಕರೆಯಲು ಹೋದರೆ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಪಕ್ಕದಲ್ಲಿ ನನಗೂ ಜಾಗ ಬಿಟ್ಟಳು.