ದೊರೆಯ ಕಟ್ಟಪ್ಪಣೆ

ನಮ್ಮ ನಾಟಕ ತಂಡದ ನಿರ್ದೇಶಕರನ್ನು ಬೆನ್ನ ಹಿಂದೆ ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದೆವು. ರಾಜನ ಪಾತ್ರವನ್ನು ಎಂದೂ ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ಕೆಟ್ಟವರೇನಲ್ಲ, ಆದರೆ ಹಿಡಿದ ಹಟ ಬಿಡುವ ಜಾಯಮಾನ ಅವರದಲ್ಲ.

ಅವರದೊಂದು ಕಟ್ಟಪ್ಪಣೆ ಇತ್ತು. ಆಟ ಶುರುವಾದ ಮೇಲೆ ಹೊರಗಿನ ಸುದ್ದಿ ಒಳಗೆ ಬರಕೂಡದು. ಎಲ್ಲರ ಫೋನೂ ಬಾಗಿಲು ಕಾಯುವವನ ಡಬ್ಬಿಗೆ ಹೋಗಬೇಕು. ಒಬ್ಬ ನಟನ ಮನೆಯಲ್ಲಿ ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದೆ ಎಂದು ಪರದೆಯ ಸಂದಿಯಿಂದ ಪಿಸುಗುಟ್ಟಿದ್ದಕ್ಕೆ ಹಿಂದಿನ ಕಾವಲುಗಾರ ಕೆಲಸ ಕಳೆದುಕೊಂಡಿದ್ದ. ನಮಗೆ ನಗು ತಡೆಯಲಾಗಲಿಲ್ಲ, ದೊರೆ ನಗಲಿಲ್ಲ. "ಯಾರೇ ಆಗ್ಲಿ, ನನ್ನ ಹೆಂಡ್ತಿನೇ ಆಗ್ಲಿ, ಮಧ್ಯೆ ಬಾಯಿ ಹಾಕಿದ್ರೆ ಮತ್ತೆ ಈ ಕಡೆ ತಲೆ ಹಾಕ್ಬಾರ್ದು," ಎಂದರು. ನಮ್ಮ ಉಡುಪು ಹೊಲಿಯುತ್ತಿದ್ದವಳು ಅವರ ಹೆಂಡತಿಯೇ, ನಮಗೆಲ್ಲ ಅಕ್ಕ. ಸೂಜಿಯಿಂದ ಕಣ್ಣೆತ್ತದೆ, "ಆಯ್ತು ಮಹಾರಾಯ್ರೇ, ನಾನು ಸತ್ರೂ ಪರದೆ ಬಿದ್ಮೇಲೇನೇ ಹೇಳಿ ಕಳಿಸ್ತೀನಿ," ಎಂದಳು. ಅದಕ್ಕೂ ನಕ್ಕೆವು.

ಈ ಸಲದ್ದು ಹಳೇ ಗ್ರೀಕರ ಮಾದರಿಯ ದುರಂತ ನಾಟಕ. ಯಾರ ಮಾತಿಗೂ ಕಿವಿಗೊಡದ ರಾಜ ರಾಣಿಯನ್ನೇ ಕಳೆದುಕೊಳ್ಳುವ ಕಥೆ; ಬರೆದದ್ದೂ ದೊರೆಯೇ. ತಾಲೀಮಿನಲ್ಲಿ ನಮಗೆ ಪಾಠ ಬೇರೆ. "ದುರಂತ ನಾಯಕ ಕೇಡಿಗ ಅಲ್ಲ ಕಣ್ರಯ್ಯ, ದೊಡ್ಡ ಮನುಷ್ಯ. ಒಂದೇ ಒಂದು ಕಡೆ ಎಡವ್ತಾನೆ, ಅದೂ ತಾನೇ ಸರಿ ಅಂತ ನಂಬ್ಕೊಂಡು. ಗೊತ್ತಾಗೋ ಹೊತ್ತಿಗೆ ಎಲ್ಲ ಮುಗಿದಿರತ್ತೆ." ಗ್ರೀಕರು ರಂಗದ ಮೇಲೆ ಸಾವನ್ನು ತೋರಿಸುತ್ತಿರಲಿಲ್ಲವಂತೆ, ದೂತನೊಬ್ಬ ಬಂದು ಹೇಳುತ್ತಾನೆ. ನಮ್ಮ ದೂತ ಅಕ್ಕನ ತಮ್ಮ. ನಾವು ಐವರು ಹೆಂಗಸರು ಮೇಳ. ಒಮ್ಮೆ ರಂಗಕ್ಕೆ ಬಂದರೆ ಕೊನೆಯವರೆಗೂ ಕದಲುವಂತಿಲ್ಲ; ನೋಡಬೇಕು, ಮರುಗಬೇಕು, ಹಾಡಬೇಕು, ಏನನ್ನೂ ತಡೆಯಬಾರದು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ಶಿಕ್ಷೆ ಬೇಕೆ?

ಅದು ಭಾನುವಾರ ಮಧ್ಯಾಹ್ನದ ಆಟ. ಹೊಟ್ಟೆನೋವೆಂದು ಅಕ್ಕ ಮನೆಯಲ್ಲೇ ಉಳಿದಿದ್ದಳು. "ಗ್ಯಾಸು. ಮಲಗಿದ್ರೆ ಹೋಗತ್ತೆ," ಎಂದಿದ್ದರು ದೊರೆ. ಎರಡನೇ ದೃಶ್ಯದಲ್ಲಿ, ರಂಗದ ಪಕ್ಕದ ಕತ್ತಲಲ್ಲಿ ನಿಂತಿದ್ದ ಹೊಸ ಕಾವಲುಗಾರ ನನ್ನ ಕಣ್ಣಿಗೆ ಬಿದ್ದ. ವಯಸ್ಸಾದವನು, ಪಾಪದವನು. ದೊರೆಯ ಕಡೆ ಒಂದು ಹೆಜ್ಜೆ ಇಡುತ್ತಿದ್ದ, ಹಿಂದೆ ಸರಿಯುತ್ತಿದ್ದ. ಏನಾಯಿತೆಂದು ಕೇಳುವಂತಿರಲಿಲ್ಲ. ಅಷ್ಟರಲ್ಲಿ ಅವನು ಹೊರಟುಹೋದ.

ಕೊನೆಗೆ ದೂತನ ಪ್ರವೇಶ. ಅಕ್ಕನ ತಮ್ಮ ಬಂದ, ಬಂದವನು ಸುಮ್ಮನೆ ನಿಂತ.

"ಹೇಳು ದೂತ, ರಾಣಿ ಹೇಗಿದ್ದಾಳೆ?" ದೊರೆಯ ದನಿ ಸಭಾಂಗಣ ತುಂಬಿತು. ಮೈದುನ ಮಾತು ಮರೆತನೆಂದುಕೊಂಡ ದೊರೆ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ, ಹಲ್ಲು ಕಚ್ಚಿಕೊಂಡು, ನಮಗಷ್ಟೇ ಕೇಳುವಂತೆ ಮಾತು ಎತ್ತಿಕೊಟ್ಟರು. "ರಾಣಿ ಇನ್ನಿಲ್ಲ ಅನ್ನೋ. ಅನ್ನೋ ಬೇಗ!"

ಅವನು ದೊರೆಯನ್ನೇ ನೋಡಿದ. "ಭಾವ," ಎಂದ. "ಅಕ್ಕ ಇನ್ನಿಲ್ಲ."

ನಾವು ಹಾಡಬೇಕಿತ್ತು. ಯಾರೂ ಹಾಡಲಿಲ್ಲ. ದೊರೆ ಮೈದುನನ ಮುಖ ನೋಡಿದರು. ಅವನ ಹಿಂದೆ, ಕತ್ತಲಲ್ಲಿ ಕುಸಿದು ಕೂತಿದ್ದ ಕಾವಲುಗಾರನನ್ನು ನೋಡಿದರು. ಒಂದೊಂದಾಗಿ ಎಲ್ಲವೂ ಅವರಿಗೆ ಅರ್ಥವಾಗುತ್ತ ಹೋದದ್ದನ್ನು ನಾನು ಪಕ್ಕದಲ್ಲೇ ನಿಂತು ಕಂಡೆ. ಯಾವ ಶತ್ರುವಿಗೂ ಬೇಡ ಆ ಮುಖ.

"ಪರದೆ ಹಾಕ್ರಪ್ಪ," ಎಂದರು. ನಾಟಕದ ನಡುವೆ ನಾಟಕದ್ದಲ್ಲದ ಮಾತನ್ನು ಅವರು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಆಚೆ ಚಪ್ಪಾಳೆಯೋ ಚಪ್ಪಾಳೆ. ಜನ ಎದ್ದು ನಿಂತಿದ್ದರು.

"ಯಾವಾಗ ಗೊತ್ತಾಯ್ತು?" ದೊರೆ ಕಾವಲುಗಾರನನ್ನು ಕೇಳಿದರು.

"ಆಸ್ಪತ್ರೆಯಿಂದ ಮೊದಲನೇ ಸಲ ಫೋನ್ ಬಂದಾಗ ಜೀವ ಇತ್ತು ಸಾರ್. ಆಟ ಆಗ ತಾನೇ ಶುರುವಾಗಿತ್ತು. ಪಕ್ಕದ ಮನೆಯವರು ಸೇರಿಸಿದ್ರಂತೆ, ಅಮ್ಮಾವ್ರು ನಿಮ್ಮನ್ನೇ ಕೇಳ್ತಿದ್ರಂತೆ." ಮುದುಕ ಕೈ ಮುಗಿದ. "ಎರಡನೇ ಸಲ ಬಂದಾಗ ತಡ್ಕೊಳ್ಳೋಕಾಗ್ಲಿಲ್ಲ. ನಿಮ್ಮ ಮೈದುನರಿಗೆ ಹೇಳ್ಬಿಟ್ಟೆ."

ಆಸ್ಪತ್ರೆ ಎರಡು ಬೀದಿಯಾಚೆ. ಈ ಮುದುಕನ ಗ್ರಹಚಾರ ಕೆಟ್ಟಿತು ಎಂದುಕೊಂಡೆ. ದೊರೆ ಅವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ನೀನೇನ್ ಮಾಡ್ತೀಯ. ನನ್ನ ಮಾತು ಕೇಳ್ದೆ, ಅಷ್ಟೇ."

ರಾಜನ ನಿಲುವಂಗಿಗೆ ಕೊಂಡಿಗಳು ಬೆನ್ನ ಮೇಲೆ. ಹೊಲಿದವಳು ಅಕ್ಕ, ಪ್ರತಿ ಆಟ ಮುಗಿದ ಮೇಲೆ ಬಿಚ್ಚುತ್ತಿದ್ದವಳೂ ಅವಳೇ. ಕೈ ಹಿಂದೆ ಮಾಡಿ ತಡಕಾಡಿದರು, ಎಟುಕಲಿಲ್ಲ. ನಾನು ಹತ್ತಿರ ಹೋದೆ.

"ಬೇಡಮ್ಮ, ಇರ್ಲಿ," ಎಂದವರು ಹಾಗೆಯೇ ಹೊರಟರು. ಬಾಗಿಲಲ್ಲಿ ಎದುರಾದ ಜನ ಕೈ ಕುಲುಕಲು ಮುಗಿಬಿದ್ದರು. "ಸ್ವಲ್ಪ ದಾರಿ ಬಿಡಿ," ಎಂದು ಒಬ್ಬೊಬ್ಬರಿಗೂ ಹೇಳುತ್ತ ನಡೆದರು ದೊರೆ. "ನಮ್ಮನೆಯವಳು ಕಾಯ್ತಿದಾಳೆ."