ಅಂಚಿನ ಸೀಸದ ಗುಂಡುಗಳು

ನಮ್ಮ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಇಳಿಯುವವರು ತೊಡುವ ಬಿಳಿ ನಿಲುವಂಗಿಯ ಕೆಳ ಅಂಚಿನಲ್ಲಿ ನಾಲ್ಕು ಸೀಸದ ಗುಂಡುಗಳಿರುತ್ತವೆ. ಮೀನಿನ ಬಲೆಗೆ ಕಟ್ಟುವಂಥವು. ಅಂಚನ್ನು ಮಡಿಸಿ, ಅದರೊಳಗೆ ಬೆರಳ ತುದಿಯಷ್ಟು ಚೀಲ ಮಾಡಿ, ಒಂದೊಂದನ್ನೂ ಒಳಗೆ ಕೂರಿಸಿ ಹೊಲಿದುಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ. ಅವಿಲ್ಲದಿದ್ದರೆ ನೀರಿಗೆ ಕಾಲಿಟ್ಟ ಕೂಡಲೇ ಬಟ್ಟೆಯೊಳಗೆ ಗಾಳಿ ತುಂಬಿ ನಿಲುವಂಗಿ ಕೊಡೆಯ ಹಾಗೆ ಅರಳಿಕೊಳ್ಳುತ್ತದೆ. ಇಪ್ಪತ್ತೊಂದು ವರ್ಷಗಳ ಹಿಂದೆ ನಾನು ಮೊದಲ ಸಲ ಹೊಲಿದ ಮೂರು ನಿಲುವಂಗಿಗಳಿಗೆ ಗುಂಡುಗಳಿರಲಿಲ್ಲ. ಹಾಗಾಗಿಯೇ ಇದು ನನಗೆ ಗೊತ್ತು.

ಆ ಮೂರರಲ್ಲಿ ಒಂದು ಹೆಡ್‌ಮಿಸ್ಟ್ರೆಸ್ಸರದು, ಒಂದು ಎಲೆಕ್ಟ್ರಿಷಿಯನ್‌ನದು, ಇನ್ನೊಂದು ನನ್ನದು.

ನಮ್ಮ ಸಭೆ ಸೇರುವುದು ಹಿಂದೆ ಪೀಠೋಪಕರಣದ ಗೋದಾಮಾಗಿದ್ದ ಒಂದು ಉದ್ದನೆಯ ಹಾಲಿನಲ್ಲಿ. ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿ. ಬೆಳಿಗ್ಗೆ ಆರಕ್ಕೆ ಪೈಪು ಬಿಟ್ಟರೆ ಹತ್ತರ ಹೊತ್ತಿಗೆ ಸೊಂಟದಷ್ಟು ನೀರು ತುಂಬುತ್ತದೆ. ಚಳಿ ಕಳೆಯಲೆಂದು ಹೆಂಗಸರು ಕೆಟಲುಗಳಲ್ಲಿ ಬಿಸಿನೀರು ತಂದು ಸುರಿಯುತ್ತಾರೆ. ಅದರಿಂದ ನೀರು ಬೆಚ್ಚಗಾಗುವುದಿಲ್ಲ, ಸುರಿದವರಿಗೆ ಸಮಾಧಾನವಾಗುತ್ತದೆ. ಹಿಂದಿನ ಗೋಡೆಯ ಮೇಲೆ ನಮ್ಮ ನಂಬಿಕೆಯ ಒಂಬತ್ತು ಮಾತುಗಳ ಹಲಗೆ ಇದೆ. ತಂದೆ, ಮಗ, ಪವಿತ್ರಾತ್ಮ ಎಂಬ ಒಬ್ಬನೇ ದೇವರಿಂದ ಶುರುವಾಗಿ, ಯೇಸು ಮತ್ತೆ ಬರುತ್ತಾನೆ, ಸತ್ತವರು ಎದ್ದು ಬರುತ್ತಾರೆ ಎಂಬಲ್ಲಿ ಮುಗಿಯುತ್ತದೆ. ನಟ್ಟ ನಡುವೆ ಐದನೆಯದು: ರಕ್ಷಣೆ ಸಿಗುವುದು ನಮ್ಮ ಒಳ್ಳೆಯ ಕೆಲಸಗಳಿಂದಲ್ಲ, ದೇವರ ಕೃಪೆಯಿಂದ, ನಂಬಿದವರಿಗೆ ಅದು ಉಚಿತ.

ಆ ದಿನ ಹೆಡ್‌ಮಿಸ್ಟ್ರೆಸ್ಸರು ಮೊದಲು ಇಳಿದರು. ಮೂರನೆಯ ಮೆಟ್ಟಿಲಿನಲ್ಲಿ ನಿಲುವಂಗಿ ಅರಳಿತು. ಇಡೀ ಸಭೆ ಒಟ್ಟಿಗೆ ತಲೆಯೆತ್ತಿ ಚಾವಣಿ ನೋಡತೊಡಗಿತು. ಹೊಲಿದವಳು ನಾನಲ್ಲವೇ, ನೀರಿಗೆ ಹಾರಿ ಎರಡೂ ಕೈಯಿಂದ ಅಂಚನ್ನು ಕೆಳಗೆ ಜಗ್ಗಿ ಹಿಡಿದೆ. ನಾನು ಹಾರಿದ ರಭಸಕ್ಕೆ ಪಾಸ್ಟರರ ಕನ್ನಡಕ ತೊಟ್ಟಿಯೊಳಗೆ ಬಿತ್ತು. ಅದು ಅವರು ಕೊಡುತ್ತಿದ್ದ ಮೊಟ್ಟಮೊದಲ ದೀಕ್ಷಾಸ್ನಾನ. ಕನ್ನಡಕವಿಲ್ಲದೆ ಅವರಿಗೆ ಗೋಡೆ ಯಾವುದು, ಬಾಗಿಲು ಯಾವುದು ತಿಳಿಯುವುದಿಲ್ಲ. ಹೇಗೋ ಹೆಡ್‌ಮಿಸ್ಟ್ರೆಸ್ಸರನ್ನು ಮುಳುಗಿಸಿ ಎತ್ತಿದರು. ನಾನು ಅವರನ್ನು ಟವೆಲಿನಲ್ಲಿ ಸುತ್ತಿ ಮೇಲೆ ಕರೆತಂದೆ. ಹಿಂದೆ ಎಲೆಕ್ಟ್ರಿಷಿಯನ್ ಇಳಿದ. ಅಷ್ಟರಲ್ಲಿ ಹಾಡು ಶುರುವಾಯಿತು, ಹೆಂಗಸರು ಒದ್ದೆ ನಿಲುವಂಗಿಯಲ್ಲಿದ್ದ ನಮ್ಮಿಬ್ಬರನ್ನೂ ತಬ್ಬಿಕೊಂಡರು, ಯಾರೋ ಕೈಗೆ ಚಹಾ ಕೊಟ್ಟರು. ಸಭೆಯ ಕಾರ್ಯದರ್ಶಿ ದಪ್ಪ ಪುಸ್ತಕದಲ್ಲಿ ಮೂರು ಹೆಸರು ಬರೆದು ಮುಚ್ಚಿದ.

ನನ್ನ ಸರದಿ ಬರಲೇ ಇಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ನನಗೆ ಹಗುರವಾಗಿತ್ತು. ಆಗೆಲ್ಲ ಒಂಬತ್ತು ಮಾತುಗಳನ್ನು ಎಲ್ಲರೂ ಒಟ್ಟಿಗೆ ಓದುತ್ತಿದ್ದೆವು. ಐದನೆಯದು ಬಂದಾಗ ನಾನು ತುಟಿ ಮಾತ್ರ ಅಲ್ಲಾಡಿಸಿದ್ದೆ. ಅದರ ಹಿಂದಿನ ವರ್ಷ ನನ್ನ ಅಮ್ಮ ತೀರಿಕೊಂಡಿದ್ದಳು. ಬಾ ಎಂದು ಕರೆ ಬಂದಾಗ ನನ್ನ ಯಂತ್ರದ ಮೇಲೆ ಒಬ್ಬಳ ಮದುವೆಯ ಉಡುಪಿತ್ತು. ಇದೊಂದು ತೋಳು ಮುಗಿಸಿ ಬರುತ್ತೇನೆ ಎಂದೆ. ತೋಳು ಮುಗಿಯಿತು, ನಾನು ಹೋಗಿ ಮುಟ್ಟಿದಾಗ ಅಮ್ಮನೂ ಮುಗಿದಿದ್ದಳು. ಇಂಥದ್ದನ್ನು ಉಚಿತವಾಗಿ ಕ್ಷಮಿಸುತ್ತಾರೆ ಎಂದರೆ ಹೇಗೆ ನಂಬಲಿ? ದುಡಿದು ತೀರಿಸುತ್ತೇನೆ ಎಂದುಕೊಂಡೆ. ಅಂದಿನಿಂದ ಸಭೆಯ ಪ್ರತಿ ನಿಲುವಂಗಿಯನ್ನೂ ನಾನೇ ಹೊಲಿದೆ, ಬಿಗಿಯಾದದ್ದನ್ನು ಬಿಡಿಸಿದೆ, ಸಡಿಲವಾದದ್ದನ್ನು ಹಿಡಿದೆ, ಗುಂಡು ಹಾಕಿದೆ.

ಆ ಗೊಂದಲದ ನಂತರ ಪಾಸ್ಟರರು ಎರಡು ನಿಯಮ ತಂದರು. ಒಂಬತ್ತು ಮಾತುಗಳನ್ನು ಒಬ್ಬೊಬ್ಬರೇ ನೀರಿನಲ್ಲಿ ನಿಂತು ಹೇಳಬೇಕು, ಅದೂ ತಮ್ಮದೇ ಮಾತಿನಲ್ಲಿ. "ಹಲಗೆ ಓದೋಕೆ ನನಗೂ ಬರುತ್ತೆ. ನಿಮ್ಮ ಅಡುಗೆಮನೇಲಿ ಹೇಗೆ ಹೇಳ್ತೀರೋ ಹಾಗೆ ಹೇಳಿ," ಎನ್ನುತ್ತಾರೆ. ಎರಡನೆಯದು, ಪ್ರತಿಯೊಬ್ಬರ ಪಕ್ಕದಲ್ಲಿ ದೀಕ್ಷೆಯಾದ ಒಬ್ಬರು ಜೊತೆಗಾರರಾಗಿ ನೀರಿನಲ್ಲಿ ನಿಂತು, "ಇದೇ ನನ್ನ ನಂಬಿಕೆಯೂ," ಎನ್ನಬೇಕು.

ಹೀಗಾಗಿ ನನ್ನ ಹೊಲಿಗೆಕೋಣೆ ಅಭ್ಯಾಸದ ಶಾಲೆಯಾಯಿತು. ಅಳತೆಗೆ ಬಂದವರು ಕೈ ಚಾಚಿ ನಿಂತು ಒಂಬತ್ತನ್ನೂ ಒಪ್ಪಿಸುತ್ತಿದ್ದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಆರು ಬಿಟ್ರಿ" ಎನ್ನುತ್ತಿದ್ದೆ. ಬೀಗ ರಿಪೇರಿಯವನೊಬ್ಬ, "ಪಾಪ ಅಂದ್ರೆ ಬೀಗದೊಳಗೆ ಕೀಲಿ ಮುರ್ಕೊಂಡ ಹಾಗೆ ಅಕ್ಕಾ. ಒಳಗಿರೋನು ಎಷ್ಟು ಒದ್ದಾಡಿದ್ರೂ ಬಾಗಿಲು ತೆಗೆಯಲ್ಲ, ಹೊರಗಿನೋನೇ ಬರ್ಬೇಕು," ಎಂದಿದ್ದ. ನಾನು ಎಷ್ಟೋ ದಿನ ಅದನ್ನೇ ನೆನೆಯುತ್ತ ಹೊಲಿದಿದ್ದೆ. ಐದನೆಯದು ಬಂದಾಗ ಮಾತ್ರ ಕೆಳಗೆ ಕೂತು ಅಂಚಿನ ಅಳತೆ ತೆಗೆಯುತ್ತಿದ್ದೆ. ಮುಖ ಕಾಣಬಾರದು.

ಎಲ್ಲ ಹೀಗೇ ನಡೆಯುತ್ತಿತ್ತೇನೋ, ನನ್ನ ಅತ್ತೆ ಎಪ್ಪತ್ತಾರನೆಯ ವಯಸ್ಸಿನಲ್ಲಿ ನೀರಿಗಿಳಿಯುವ ಮನಸ್ಸು ಮಾಡದಿದ್ದರೆ.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಸಭೆಗೆ ನನ್ನನ್ನು ಕರೆತಂದವರೇ ಅವರು, ಆದರೆ ತಾವು ಮಾತ್ರ ಕೊನೆಯ ಬೆಂಚು ಬಿಟ್ಟು ಕದಲಿದವರಲ್ಲ. ಯಾರಾದರೂ ಕೇಳಿದರೆ, "ನೀರು ತಣ್ಣಗಿದೆ, ಮುಂದಿನ ವರ್ಷ ನೋಡೋಣ," ಎನ್ನುತ್ತಿದ್ದರು. ಒಂದು ಮಂಗಳವಾರ ಬೆಳಿಗ್ಗೆ ನೇರ ನನ್ನ ಕೋಣೆಗೆ ಬಂದು ಕೈಗಳನ್ನು ಅಗಲಿಸಿ ನಿಂತರು.

"ಅಳತೆ ತೊಗೋ. ಭಾನುವಾರ ಇಳೀತೀನಿ. ಪಾಸ್ಟರ್‌ಗೆ ಹೇಳಿಯಾಯ್ತು."

ನನ್ನ ಕೈಯಿಂದ ಟೇಪು ಜಾರಿತು. "ನಿಜವಾಗ್ಲೂನಾ ಅತ್ತೆ?"

"ಸುಳ್ಳು ಹೇಳೋಕೆ ಇಷ್ಟು ಹೊತ್ತು ಕೈ ಎತ್ಕೊಂಡು ನಿಲ್ತೀನಾ? ಬೇಗ, ಭುಜ ನೋಯುತ್ತೆ."

ಖುಷಿಯಿಂದ ನನಗೆ ನಗು ಬಂತು. ಭುಜ ಅಳೆದೆ, ಎದೆ ಅಳೆದೆ. ಅತ್ತೆ ಅಷ್ಟು ಸಣ್ಣಗಾಗಿದ್ದರೆಂದು ಆಗಲೇ ಗೊತ್ತಾದದ್ದು. ನಾಲ್ಕು ಗುಂಡು ಸಾಲದು, ಆರು ಬೇಕು. ಅವರು ಒಂದರಿಂದ ನಾಲ್ಕನ್ನು ಸರಸರ ಹೇಳಿ ಮುಗಿಸಿದರು. ನಾನು ಅಭ್ಯಾಸಬಲದಿಂದ ಅಂಚಿಗೆಂದು ಕೆಳಗೆ ಕೂತೆ.

"ಐದು," ಎಂದರು ಅತ್ತೆ. "ಮೂವತ್ತು ವರ್ಷ ಹಸುಗೂಸುಗಳನ್ನ ತೊಳೆದು ಒರೆಸಿ ಬಟ್ಟೇಲಿ ಸುತ್ತಿದ್ದೀನಿ. ಒಂದಾದ್ರೂ, ಆಯಮ್ಮಾ ನಿಂಗೇನು ಕೊಡ್ಲಿ ಅಂತ ಕೇಳಿಲ್ಲ. ನಾನು ಸುತ್ತಿಸ್ಕೊಳ್ಳೋಕೆ ಲಾಯಕ್ಕಾ ಅಂತಾನೂ ಕೇಳಿಲ್ಲ. ರಕ್ತ ಮೆತ್ಕೊಂಡು ಬಂದ್ವು, ಅತ್ತ್ವು, ಸುತ್ತಿಸ್ಕೊಂಡ್ವು. ದೇವರ ಮುಂದೆ ನಾನೂ ಅಷ್ಟೇ. ಅಂಚು ಅಳೆದಾಯ್ತಾ, ಇನ್ನೂ ನೆಲಾನೇ ಅಳೀತಿದ್ದೀಯಾ?"

ನಾನು ಎದ್ದೇಳಲಿಲ್ಲ. ಟೇಪಿನ ಮೇಲೆ ಎರಡು ಹನಿ ಬಿದ್ದವು.

"ಜೊತೆಗಾರ್ತಿ ಯಾರು ಅಂತ ಕೇಳಲ್ವಾ?" ಎಂದರು.

"ಯಾರು?"

"ನೀನೇ."

ಇನ್ನು ಕಚ್ಚಿಕೊಂಡಿರಲು ಬಾಯಲ್ಲಿ ಗುಂಡುಸೂಜಿಯೂ ಇರಲಿಲ್ಲ. ಬೇರೆಯವರು ಜೊತೆಗೆ ಕರೆದಾಗಲೆಲ್ಲ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಪ್ರತಿ ಸಲವೂ ಟವೆಲ್ ಹಿಡಿದು ದಡದಲ್ಲೇ ನಿಂತಿದ್ದೆ. ಆದರೆ ಈ ಮುದುಕಿಯ ಪಕ್ಕ ನಿಂತು ನಂಬಿದವಳ ಹಾಗೆ ನಟಿಸುವುದು ಆಗದ ಮಾತು. ಹಾಗಂತ ನಿಜ ಹೇಳಿದರೆ ಇಪ್ಪತ್ತೊಂದು ವರ್ಷದ ನನ್ನ ಮರ್ಯಾದೆ ಭಾನುವಾರದೊಳಗೆ ಮೂರಾಬಟ್ಟೆ.

"ಅತ್ತೆ, ನನಗೆ ದೀಕ್ಷೆ ಆಗಿಲ್ಲ," ಎಂದೆ.

"ಗೊತ್ತು."

"ಏನು ಗೊತ್ತು?"

"ಕೊನೇ ಬೆಂಚಿಂದ ಎಲ್ಲಾ ಕಾಣುತ್ತೆ ಕಣೇ. ಮೇಲೆ ಬಂದಾಗ ನಿನ್ನ ತಲೆಕೂದ್ಲು ಒಣಗೇ ಇತ್ತು. ನೆನೆದಿದ್ದು ಸೊಂಟದವರೆಗೆ ಮಾತ್ರ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

"ನೀನೇ ಹೇಳ್ತೀಯ ಅಂತ ಕಾದೆ. ನಿನಗಿಂತ ಮುಂಚೆ ಇಳಿದು ನಿನ್ನ ಹೊಟ್ಟೆ ಉರಿಸೋದು ಬೇಡ ಅಂತಾನೂ ಕಾದೆ. ಇನ್ನೂ ಕಾದ್ರೆ ನನ್ನನ್ನ ಹೊತ್ಕೊಂಡೇ ಮುಳುಗಿಸ್ಬೇಕಾಗುತ್ತೆ." ಅವರು ಬಾಗಿ ನನ್ನ ಕೈಯಿಂದ ಟೇಪು ಕಿತ್ತುಕೊಂಡರು. "ಏಳು. ತಿರುಗಿ ನಿಲ್ಲು."

ದರ್ಜಿಗೆ ತನ್ನ ಬೆನ್ನಿನ ಅಳತೆ ತಾನೇ ತೆಗೆಯಲು ಆಗುವುದಿಲ್ಲ. ಬಾಲ್ಯದಲ್ಲಿ ಅಮ್ಮ ಅಳೆದ ಮೇಲೆ ಯಾರೂ ನನ್ನ ಬೆನ್ನಿಗೆ ಟೇಪು ಹಿಡಿದಿರಲಿಲ್ಲ. ಅತ್ತೆಯ ಬೆರಳುಗಳು ಭುಜದಿಂದ ಭುಜಕ್ಕೆ ಹೋದವು. ಅಮ್ಮನ ಸಂಗತಿಯನ್ನು, ಆ ತೋಳಿನ ಸಂಗತಿಯನ್ನು ನಾನು ಗೋಡೆಗೆ ಮುಖ ಮಾಡಿಯೇ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಹೂಂ, ಅದೂ ಮೆತ್ಕೊಂಡಿತ್ತಾ," ಎಂದರು. ಆಮೇಲೆ ಎದೆಯ ಸುತ್ತ ಟೇಪು ತಂದು, "ನಲವತ್ತು ಅಂಗುಲ! ಯಾವಾಗ ಇಷ್ಟು ದಪ್ಪಗಾದೆ?"

ಮಧ್ಯಾಹ್ನ ಹಾಲಿಗೆ ಹೋದೆ. ಹಲಗೆಗಳನ್ನು ಎತ್ತಿ ಪಾಸ್ಟರರು ಬರಿದಾದ ತೊಟ್ಟಿಯೊಳಗೆ ಬ್ರಷ್ ಹಿಡಿದು ಪಾಚಿ ಉಜ್ಜುತ್ತಿದ್ದರು. ಎಲೆಕ್ಟ್ರಿಷಿಯನ್ ಏಣಿಯ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದ. ಅವನ ಮುಂದೆ ಹೇಳಲು ಹಿಂಜರಿದೆ. ಆದರೂ ಮನೆಗೆ ಹೋದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಪಾಸ್ಟರರು ಬ್ರಷ್ ಕೆಳಗಿಟ್ಟರು. "ಇಲ್ಲಮ್ಮ, ನಾನು ಮೂರು ಸಲ ಮುಳುಗಿಸಿದ್ದು ಚೆನ್ನಾಗಿ ನೆನಪಿದೆ. ಕಣ್ಣು ಕಾಣ್ತಿರಲಿಲ್ಲ ಅಂತಲೇ ಎಣಿಸ್ಕೊಂಡು ಮಾಡ್ದೆ. ಮೂರು ಬಿಳಿ ನಿಲುವಂಗಿ, ಮೂರು ಮುಳುಗು."

ಏಣಿಯ ಮೇಲೆ ಸದ್ದು ನಿಂತಿತು.

ಎಲೆಕ್ಟ್ರಿಷಿಯನ್ ಇಪ್ಪತ್ತೊಂದು ವರ್ಷಗಳಿಂದ ಒಂದೇ ಜೋಕು ಹೇಳಿಕೊಂಡು ಬಂದಿದ್ದ: "ಎಲ್ಲರಿಗೂ ಒಂದು ಮುಳುಗು, ನನಗೆ ಎರಡು. ನನ್ನ ಪಾಪ ಡಬಲ್ ಅಂತ ಪಾಸ್ಟರ್‌ಗೆ ಮುಖ ನೋಡಿದ್ರೇ ಗೊತ್ತಾಯ್ತು." ನಾವೆಲ್ಲ ನಕ್ಕಿದ್ದೆವು. ಅವನು ಯಾವ ಮಾತನ್ನೂ ನೆಟ್ಟಗೆ ಆಡುವವನಲ್ಲವಾದ್ದರಿಂದ ಯಾರೂ ನಂಬಿರಲಿಲ್ಲ.

ಅವನು ಬಲ್ಬು ಹಿಡಿದುಕೊಂಡೇ ಇಳಿದು ಬಂದ. "ಅಯ್ಯೋ ಅಕ್ಕಾ! ಹಾಗಾದ್ರೆ ಆ ಎರಡನೇದು ನಿಮ್ದು!"

ಪಾಸ್ಟರರು ತೊಟ್ಟಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರ ಹೆಗಲು ಕುಲುಕಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಗುತ್ತಿದ್ದರು. "ಇವನು ಹೊರಗೆ ಬರೋಕೆ ತಡ ಮಾಡ್ದ. ನಾನು ನೀವೇ ಅಂದ್ಕೊಂಡು ಕತ್ತು ಹಿಡಿದು ಮುಳುಗಿಸ್ದೆ. ಈ ತಂಗೀದು ಬಹಳ ಗಟ್ಟಿ ಕತ್ತು ಅಂದ್ಕೊಂಡೆ!"

"ನನ್ನ ಮೇಲೆ ಕೋಪ ಮಾಡ್ಕೊಳ್ಳಲ್ವಾ ನೀವು?" ಎಂದೆ.

"ತಪ್ಪು ನಮ್ಮಿಬ್ಬರದೂ. ನೀವು ಹೇಳಲಿಲ್ಲ, ನಾನು ನೋಡಲಿಲ್ಲ." ಆಮೇಲೆ ಗಂಭೀರವಾದರು. "ಒಂದೇ ಕೇಳ್ತೀನಿ. ಈಗ ಐದನೇದು ಹೇಳೋಕೆ ಬರುತ್ತಾ?"

"ಗೊತ್ತಿಲ್ಲ. ಭಾನುವಾರ ನೋಡ್ಬೇಕು," ಎಂದೆ. ಅದು ನಿಜವಾಗಿತ್ತು.

ಭಾನುವಾರ ಹಾಲು ತುಂಬಿತ್ತು. ಪಾಸ್ಟರರು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು, ತಮ್ಮ ಕನ್ನಡಕದ ಸಮೇತ. ಆಮೇಲೆ ಎಲೆಕ್ಟ್ರಿಷಿಯನ್ ಎದ್ದು ನಿಂತು, "ನಾನು ಹೇಳ್ತಾನೇ ಇದ್ದೆ, ಯಾರಾದ್ರೂ ಕೇಳಿದ್ರಾ?" ಎಂದ. ನಗು ಗೋಡೆಯಿಂದ ಗೋಡೆಗೆ ಹಬ್ಬಿತು.

ಅತ್ತೆಗೆ ಜೊತೆಯಾಗಬೇಕಾದರೆ ನಾನು ಮೊದಲು ಇಳಿಯಬೇಕು. ನನಗೆ ಜೊತೆಗಾರ್ತಿಯಾಗಿ ಹೆಡ್‌ಮಿಸ್ಟ್ರೆಸ್ಸರು ಬಂದರು. ಈಗ ನಿವೃತ್ತರು, ಮಂಡಿನೋವು. ನೀರು ಎಂದಿನಂತೆ ಮಂಜಿನ ಹಾಗೆ ಕೊರೆಯುತ್ತಿತ್ತು. ಎರಡನೆಯ ಮೆಟ್ಟಿಲಲ್ಲೇ ನಿಂತು ಒಂದರಿಂದ ನಾಲ್ಕು ಹೇಳಿದೆ. ದೇವರ ಮಗ ನನ್ನ ಜಾಗದಲ್ಲಿ ಸತ್ತ, ಮೂರನೆಯ ದಿನ ಎದ್ದ ಎನ್ನುವಾಗ ಸ್ವರ ಗಟ್ಟಿಯಾಗಿಯೇ ಇತ್ತು. ಐದಕ್ಕೆ ಬಂದು ನಿಂತೆ. ಬೆಂಚುಗಳ ಮೇಲೆ ನಾನು ಅಳತೆ ತೆಗೆದ ಭುಜಗಳು, ಸೊಂಟಗಳು, ಕುತ್ತಿಗೆಗಳು. ಮುಂದಿನ ಸಾಲಿನಲ್ಲಿ ಬಿಳಿ ನಿಲುವಂಗಿಯೊಳಗೆ ಬಟ್ಟೆಯಲ್ಲಿ ಸುತ್ತಿದ ಕೂಸಿನಂತೆ ಅತ್ತೆ ಕೂತಿದ್ದರು.

"ಐದು," ಎಂದೆ. "ನಿಮಗೆಲ್ಲ ನಾನು ಹೊಲಿದೆ. ಹೊಲಿದು ಹೊಲಿದು ತೀರಿಸ್ಬಿಡ್ತೀನಿ ಅಂದ್ಕೊಂಡಿದ್ದೆ. ಹೊಲಿದದ್ದು ನಿಮಗೆ ಸರಿಹೋಯ್ತು, ನನ್ನ ಒಳಗಿದ್ದದ್ದು ಹಾಗೇ ಇತ್ತು. ಇವತ್ತು ಕೈಯಲ್ಲಿ ಏನೂ ಇಲ್ಲ. ಸೂಜೀನೂ ಇಲ್ಲ. ಅವನು ಸುಮ್ನೇ ಕೊಡ್ತೀನಿ ಅಂದ. ನಾನು ತೊಗೊಳ್ತೀನಿ. ಅಷ್ಟೇ."

ಯಾರೋ ಮೂಗು ಒರೆಸಿಕೊಂಡರು. ಉಳಿದ ನಾಲ್ಕನ್ನು ಹೇಳುತ್ತ ಆಳದ ಕಡೆ ಒಂದು ಹೆಜ್ಜೆ ಇಟ್ಟೆ. ಆಗ ಮಂಡಿಯ ಸುತ್ತ ಏನೋ ಮೆತ್ತಗೆ ಏಳುತ್ತಿರುವುದು ತಿಳಿಯಿತು. ಅತ್ತೆಯ ಅಂಚಿಗೆ ಲೆಕ್ಕ ಹಾಕಿ ಆರು ಗುಂಡು ಹೊಲಿದವಳು ನನ್ನ ಅಂಚಿಗೆ ಒಂದನ್ನೂ ಹಾಕಿರಲಿಲ್ಲ. ನಿಲುವಂಗಿ ಬುಸ್ಸೆಂದು ನನ್ನ ಸುತ್ತ ಅರಳಿತು. ಸಭೆ ಅಭ್ಯಾಸವಿದ್ದಂತೆ ಚಾವಣಿ ನೋಡಿತು. ಹೆಡ್‌ಮಿಸ್ಟ್ರೆಸ್ಸರು ಮಂಡಿನೋವು ಮರೆತು ಬಾಗಿ ಎರಡೂ ಕೈಯಿಂದ ಅಂಚನ್ನು ಜಗ್ಗಿ ಹಿಡಿದರು. "ಹಿಡಿದಿದ್ದೀನಿ, ಹಿಡಿದಿದ್ದೀನಿ, ನೀನು ಮುಳುಗು!" ಎಂದರು ತರಗತಿಯ ಸ್ವರದಲ್ಲಿ. ನಗು ತಡೆಯಲಾಗದೆ ನಾನು ಬಾಯಿ ತೆರೆದುಕೊಂಡೇ ನೀರಿನೊಳಗೆ ಹೋದೆ. ಕಿವಿಯಲ್ಲಿ ಗುಯ್ಯೆಂಬ ಸದ್ದು, ಕಣ್ಣ ಮುಂದೆ ಬಿಳುಪು. ಮತ್ತೆ ಮೇಲೆ ಬಂದಾಗ ಹಾಡು ಆಗಲೇ ಶುರುವಾಗಿತ್ತು.

ಕಾರ್ಯದರ್ಶಿ ದಪ್ಪ ಪುಸ್ತಕ ತೆರೆದು ಕಕ್ಕಾಬಿಕ್ಕಿಯಾಗಿ ಕೂತಿದ್ದ. "ಇವರ ಹೆಸರು ಆಗಲೇ ಇದೆಯಲ್ಲ ಪಾಸ್ಟರ್, ಏನು ಮಾಡ್ಲಿ?"

"ಇರಲಿ ಬಿಡು," ಎಂದರು ಪಾಸ್ಟರರು, ಕನ್ನಡಕಕ್ಕೆ ಕಟ್ಟಿದ್ದ ದಾರ ಸರಿಮಾಡಿಕೊಳ್ಳುತ್ತ. "ಪಕ್ಕದಲ್ಲಿ ಇವತ್ತಿನ ತಾರೀಕು ಬರಿ."

ನಾನು ತೊಟ್ಟಿಯಲ್ಲೇ ಉಳಿದೆ. ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಆರು ಗುಂಡುಗಳಿಗೆ ಅವರ ಅಂಚು ಒಂದಿಷ್ಟೂ ಅಲ್ಲಾಡಲಿಲ್ಲ. ನನ್ನ ಹತ್ತಿರ ಬಂದು, ಮೊದಲು ನನ್ನ ತಲೆಯ ಮೇಲೆ ಕೈಯಿಟ್ಟು, ಕೂದಲನ್ನು ಬೆರಳುಗಳ ನಡುವೆ ಹಿಂಡಿ ನೋಡಿದರು. ನೀರು ಸುರಿಯಿತು.

"ಹೂಂ, ಈಗ ಸರಿ," ಎಂದರು. ಆಮೇಲೆ ಹಲ್ಲು ಕಟಕಟ ಕಡಿಯುತ್ತ, "ಕೆಟಲ್ ನೀರು ಯಾರು ಹಾಕಿದ್ದು? ಬರೀ ಸುಳ್ಳು!"

ನಾನು ಅವರ ಕೈ ಹಿಡಿದುಕೊಂಡೆ. ಅವರು ಒಂದರಿಂದ ಶುರುಮಾಡಿದರು.